ಉಳಿದ ಅಡುಗೆಯ ಮರುಬಳಕೆ

ಉಳಿದ ಅಡುಗೆಯ ಮರುಬಳಕೆ ಎಂದರೆ ಒಂದು ಹೊತ್ತಿನ ಊಟದಲ್ಲಿ ಮಿಕ್ಕ ಆಹಾರವನ್ನು ಚೆಲ್ಲದೆ ಮುಂದಿನ ಹೊತ್ತಿಗೆ ಹಾಗೆಯೇ ಅಥವಾ ಬೇರೊಂದು ತಿನಿಸಾಗಿ ಮಾರ್ಪಡಿಸಿ ಬಳಸುವ ಪದ್ಧತಿ. ಹಿಂದಿನ ದಿನದ ಅಡುಗೆಯನ್ನು ಕನ್ನಡದಲ್ಲಿ ತಂಗಳು ಎನ್ನುತ್ತಾರೆ. ಏನನ್ನು ಎಷ್ಟು ಬೇಯಿಸಬೇಕು, ಮಿಕ್ಕದ್ದು ಏನಾಗಬೇಕು ಎಂಬುದನ್ನು ಮೊದಲೇ ಯೋಚಿಸಿಕೊಳ್ಳುವುದೂ ಈ ಪದ್ಧತಿಯ ಭಾಗವೇ ಆಗಿದೆ.

ಆರ್ಥಿಕ ಹಿನ್ನೆಲೆ

ಭಾರತ ಸರ್ಕಾರದ 2023–24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕುಟುಂಬಗಳ ವೆಚ್ಚದಲ್ಲಿ ಸುಮಾರು ಶೇ. 47, ನಗರ ಕುಟುಂಬಗಳ ವೆಚ್ಚದಲ್ಲಿ ಸುಮಾರು ಶೇ. 40 ಭಾಗ ಆಹಾರಕ್ಕೆ ಹೋಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯು, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ 105 ಕೋಟಿ ಟನ್ ಆಹಾರದಲ್ಲಿ ಸುಮಾರು ಶೇ. 60 ಭಾಗ ಮನೆಗಳದ್ದೇ ಎಂದು ಅಂದಾಜಿಸಿದೆ. ಭಾರತದ ಮನೆಗಳಲ್ಲಿ ಇದು ತಲಾ ವರ್ಷಕ್ಕೆ ಸುಮಾರು 55 ಕಿಲೋಗ್ರಾಂ. ಇದರಲ್ಲಿ ಸಿಪ್ಪೆ, ಮೂಳೆಯಂತಹ ತಿನ್ನಲಾಗದ ಭಾಗಗಳೂ ಸೇರಿವೆ. ದಿನವೂ ಒಂದು ಬಟ್ಟಲು ಅನ್ನ ಚೆಲ್ಲುವುದು ಗಮನಕ್ಕೆ ಬರುವಂತಹ ನಷ್ಟವಲ್ಲ. ಆದರೆ ಅದು 100 ಗ್ರಾಂ ಅಕ್ಕಿಯ ಅನ್ನವೆಂದುಕೊಂಡರೆ ವರ್ಷಕ್ಕೆ 36.5 ಕಿಲೋ ಅಕ್ಕಿಯಾಗುತ್ತದೆ.

ಕರ್ನಾಟಕದ ಅಡುಗೆಯಲ್ಲಿ

ರಾಜ್ಯದ ಹಲವು ಜನಪ್ರಿಯ ತಿನಿಸುಗಳು ಇಂದು ಹೊಸದಾಗಿಯೇ ತಯಾರಾಗುತ್ತಿದ್ದರೂ ಅವುಗಳ ಸ್ವಭಾವ ಉಳಿಕೆಗೆ ಹೊಂದುವಂಥದ್ದು. ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಆರಿದ, ಉದುರು ಉದುರಾದ ಅನ್ನವೇ ಮೇಲು. ರಾತ್ರಿ ಮಿಕ್ಕ ಅನ್ನವನ್ನು ರೊಟ್ಟಿಯ ಹಿಟ್ಟಿಗೆ ನಾದುವುದು, ಬೇಸಿಗೆಯಾದರೆ ಸಂಡಿಗೆ ಹಾಕಿ ಒಣಗಿಸುವುದು ಸಾಮಾನ್ಯ. ಉಳಿದ ರಾಗಿಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಕುಡಿಯುತ್ತಾರೆ. ಅನ್ನವನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಉಣ್ಣುವ ರೂಢಿ ಇಲ್ಲಿಗಷ್ಟೇ ಸೀಮಿತವಲ್ಲ. ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್, ತಮಿಳುನಾಡಿನ ಪಳೈಯ ಸೋರು ಇದೇ ಬಗೆಯವು.

ಉತ್ತರ ಕರ್ನಾಟಕದಲ್ಲಿ ಉಳಿಕೆಯ ಸಮಸ್ಯೆಯನ್ನು ಮೊದಲೇ ತಪ್ಪಿಸಲಾಗಿದೆ ಎನ್ನಬಹುದು. ಜೋಳದ ರೊಟ್ಟಿಯನ್ನು ತೇವವಿಲ್ಲದಂತೆ ಒಣಗಿಸಿ ಖಡಕ್ ರೊಟ್ಟಿ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಒಮ್ಮೆ ಒಲೆ ಹಚ್ಚಿದರೆ ಹಲವು ದಿನಗಳ ರೊಟ್ಟಿ ಸಿದ್ಧವಾಗುವುದರಿಂದ ಸೌದೆ, ಶ್ರಮಗಳೂ ಉಳಿಯುತ್ತವೆ. ಮುರಿದ ಚೂರುಗಳಿಗೆ ನೀರು ಚಿಮುಕಿಸಿ ಒಗ್ಗರಣೆ ಹಾಕಿದರೆ ಅದೇ ಉಪಾಹಾರ.

ಒಂದೇ ಬೇಯಿಸುವಿಕೆಯಿಂದ ಎರಡು ಪದಾರ್ಥ ಪಡೆಯುವುದು ಯೋಜನೆಯ ಇನ್ನೊಂದು ರೂಪ. ಹಳೆ ಮೈಸೂರು ಭಾಗದ ಬಸ್ಸಾರು ಇದಕ್ಕೆ ಉತ್ತಮ ಉದಾಹರಣೆ: ಸೊಪ್ಪು, ಕಾಳು ಬೇಯಿಸಿ ನೀರನ್ನು ಬಸಿದು ಸಾರು ಮಾಡುತ್ತಾರೆ, ಉಳಿದದ್ದು ಪಲ್ಯವಾಗುತ್ತದೆ. ಒಬ್ಬಟ್ಟಿನ ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟು ಚೆಲ್ಲಿಹೋಗದೆ ಒಬ್ಬಟ್ಟಿನ ಸಾರಾಗುತ್ತದೆ. ಅದು ಮರುದಿನವೇ ಹೆಚ್ಚು ರುಚಿ ಎನ್ನುವವರು ಬಹಳ. ರುಬ್ಬಿದ ಹಿಟ್ಟಿಗೂ ಇಂತಹದೇ ಕ್ರಮವಿದೆ. ಮೊದಲ ದಿನ ಇಡ್ಲಿ, ಎರಡನೆಯ ದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಮೆಣಸಿನಕಾಯಿ ಬೆರೆಸಿ ಪಡ್ಡು. ಹೀರೆಕಾಯಿಯ ಸಿಪ್ಪೆ ಚಟ್ನಿಗೂ ಕಲ್ಲಂಗಡಿಯ ಬಿಳಿ ಭಾಗ ದೋಸೆಗೂ ಒದಗುತ್ತವೆ.

ಸಂತೆಯಿಂದ ವಾರಕ್ಕೊಮ್ಮೆ ತರಕಾರಿ ತರುವ ಮನೆಗಳಲ್ಲಿ ಸೊಪ್ಪು ಮೊದಲ ಎರಡು ದಿನಗಳಿಗೆ, ಬದನೆ, ಬೆಂಡೆ ನಂತರ, ಕುಂಬಳಕಾಯಿ, ಗೆಡ್ಡೆಗಳು ವಾರದ ಕೊನೆಗೆ ಎಂಬ ಕ್ರಮವನ್ನು ಯಾರೂ ಬರೆದಿಡದಿದ್ದರೂ ಪಾಲಿಸಲಾಗುತ್ತದೆ.

ಸುರಕ್ಷತೆ

ಉಳಿಕೆಯಲ್ಲಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಅನ್ನಕ್ಕೆ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಹೊರಗಿದ್ದರೆ ಅವು ಬೆಳೆದು, ವಾಂತಿ ತರಿಸುವ ವಿಷವನ್ನು ಉಂಟುಮಾಡಬಲ್ಲವು. ಈ ವಿಷ ಬಿಸಿಗೆ ನಾಶವಾಗದು; ಆದ್ದರಿಂದ "ಚೆನ್ನಾಗಿ ಬಿಸಿ ಮಾಡಿದರೆ ಸಾಕು" ಎಂಬ ನಂಬಿಕೆ ಅನ್ನದ ವಿಷಯದಲ್ಲಿ ಸರಿಯಲ್ಲ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಟ್ಟು, ಮರುದಿನವೇ ಮುಗಿಸಬೇಕು. ನೆನೆಸಿದ ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹುಳಿಯನ್ನು ಉಂಟುಮಾಡಿ ಇತರ ಸೂಕ್ಷ್ಮಜೀವಿಗಳನ್ನು ತಕ್ಕಮಟ್ಟಿಗೆ ತಡೆಯುತ್ತವೆ, ಆದರೆ ಲೋಳೆ ಬಂದರೆ ಅದನ್ನು ಬಳಸಬಾರದು. ಸಾರು, ಪಲ್ಯಗಳನ್ನು ಬೇಕಾದಷ್ಟನ್ನೇ ತೆಗೆದು ಒಮ್ಮೆ ಮಾತ್ರ ಕುದಿಸುವುದು ಒಳ್ಳೆಯದು. ಕೊಬ್ಬರಿ ಒಣಗಿದ್ದರಿಂದ ಬಾಳುತ್ತದೆ. ಹಸಿ ತೆಂಗಿನಕಾಯಿ ರುಬ್ಬಿ ಹಾಕಿದ ಪದಾರ್ಥ ಮಾತ್ರ ಬೇಗ ಹಳಸುತ್ತದೆ.

ಸಾಮಾಜಿಕ ಅಂಶಗಳು

ಮಡಿ, ಮುಸುರೆಗಳನ್ನು ಪಾಲಿಸುವ ಮನೆಗಳಲ್ಲಿ ತಂಗಳು ನಿಷಿದ್ಧ. ಅಲ್ಲಿ ಉಳಿತಾಯವು ಅಳತೆಯಿಂದಲೇ, ಎಂದರೆ ಪಾವು, ಚಟಾಕುಗಳ ಲೆಕ್ಕದಿಂದಲೇ ಸಾಧ್ಯವಾಗುತ್ತಿತ್ತು. ಇನ್ನೊಂದೆಡೆ, ತಂಗಳು ಯಾರ ಪಾಲಿಗೆ ಬರುತ್ತದೆ ಎಂಬುದೂ ಗಮನಾರ್ಹ. ಗಂಡಸರಿಗೆ, ಮಕ್ಕಳಿಗೆ ಬಿಸಿ ಅಡುಗೆ ಬಡಿಸಿ, ಕೊನೆಗೆ ಉಣ್ಣುವ ಹೆಂಗಸರು ಹಳತನ್ನು ಮುಗಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಂತಹ ಮನೆಗಳಲ್ಲಿ ಉಳಿಕೆಯು ಚಿತ್ರಾನ್ನವಾಗಿಯೋ ಪಡ್ಡುವಾಗಿಯೋ ರೂಪ ಬದಲಿಸಿದಾಗ ಮಾತ್ರ ಎಲ್ಲರ ತಟ್ಟೆಗೂ ಬರುತ್ತದೆ.