ಈಸ್ಟ್ರೊಜೆನ್: ಮುಟ್ಟಿಗಷ್ಟೇ ಅಲ್ಲ, ಮೂಳೆಗೂ ಬೇಕು

ನಲವತ್ತೈದು ದಾಟಿದ ಗೃಹಿಣಿಗೆ ರಾತ್ರಿ ಬೆವರಿ ಎಚ್ಚರವಾಗುತ್ತದೆ. ಸಣ್ಣ ಮಾತಿಗೂ ಸಿಟ್ಟು, ಕೈಕಾಲು ನೋವು. "ವಯಸ್ಸಾಯಿತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆಕೆಯೂ ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾಳೆ. ಇಂತಹ ತೊಂದರೆಗಳ ಹಿಂದೆ ಅನೇಕ ವೇಳೆ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಏರಿಳಿತ ಇರುತ್ತದೆ.

ಏನಿದು ಈಸ್ಟ್ರೊಜೆನ್?

ಇದು ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗಿ ರಕ್ತದ ಮೂಲಕ ದೇಹವನ್ನೆಲ್ಲ ತಲುಪುವ ಹಾರ್ಮೋನು. ದೇಹದ ಕೊಬ್ಬಿನಲ್ಲೂ ಸ್ವಲ್ಪ ಉತ್ಪತ್ತಿಯಾಗುತ್ತದೆ. ಪುರುಷರ ದೇಹದಲ್ಲೂ ಅಲ್ಪ ಪ್ರಮಾಣದಲ್ಲಿದ್ದು, ಅವರ ಮೂಳೆಗೂ ಅದು ಅಗತ್ಯ.

ಹೆಣ್ಣುಮಕ್ಕಳು ಪ್ರೌಢರಾಗುವುದು, ತಿಂಗಳ ಮುಟ್ಟು ಮತ್ತು ಗರ್ಭಧಾರಣೆ ಇದರ ಕೆಲಸಗಳೆಂದು ಎಲ್ಲರಿಗೂ ಗೊತ್ತು. ಆದರೆ ಮೂಳೆ ಬೇಗನೆ ಸವೆಯದಂತೆ ತಡೆಯುವುದೂ ಇದೇ. ರಕ್ತನಾಳ, ಚರ್ಮ, ನಿದ್ರೆ ಮತ್ತು ಮನಸ್ಸಿನ ಮೇಲೂ ಇದರ ಪ್ರಭಾವವಿದೆ.

ಕಡಿಮೆಯಾದಾಗ

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತೀಯ ಮಹಿಳೆಯರಲ್ಲಿ ಇದು ಹೆಚ್ಚಾಗಿ 45ರಿಂದ 50ರ ಆಸುಪಾಸಿನಲ್ಲಿ ಬರುತ್ತದೆ. ಆಗ ಮೈ ಬಿಸಿಯೇರುವುದು, ನಿದ್ರಾಹೀನತೆ, ಜನನಾಂಗದ ಶುಷ್ಕತೆ ಮತ್ತು ಪದೇ ಪದೇ ಉರಿಮೂತ್ರ ಕಾಣಿಸಬಹುದು.

ಇವು ಅನುಭವಕ್ಕೆ ಬರುವ ತೊಂದರೆಗಳು. ಮೂಳೆ ಸವೆತ ಮಾತ್ರ ಸದ್ದಿಲ್ಲದೆ ನಡೆಯುತ್ತದೆ. ಋತುಬಂಧದ ನಂತರದ ಮೊದಲ ಕೆಲವು ವರ್ಷಗಳಲ್ಲೇ ಅದು ವೇಗ ಪಡೆಯುತ್ತದೆ. ಎಪ್ಪತ್ತರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ಮೂಳೆ ಸವೆಯತೊಡಗಿದ್ದು ಎಷ್ಟೋ ವರ್ಷಗಳ ಹಿಂದೆ.

40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೆ ಅಪಾಯ ಇನ್ನೂ ಹೆಚ್ಚು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೊಜೆನ್ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು "ಅಂಡಾಶಯವನ್ನು ಉಳಿಸಬಹುದೇ?" ಎಂದು ವೈದ್ಯರನ್ನು ತಪ್ಪದೆ ಕೇಳಬೇಕು.

ಹೆಚ್ಚಾದಾಗ

ಗರ್ಭಕೋಶದ ಒಳಪದರವನ್ನು ಈಸ್ಟ್ರೊಜೆನ್ ಬೆಳೆಸುತ್ತದೆ, ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಹತೋಟಿಯಲ್ಲಿಡುತ್ತದೆ. ಪಿಸಿಓಎಸ್ ಅಥವಾ ಬೊಜ್ಜಿನಿಂದ ಈ ಸಮತೋಲನ ತಪ್ಪಿದರೆ ಪದರ ದಪ್ಪವಾಗಿ ಅತಿಯಾದ ರಕ್ತಸ್ರಾವ ಆಗಬಹುದು. ದೀರ್ಘಕಾಲ ಹೀಗೇ ಇದ್ದರೆ ಗರ್ಭಕೋಶದ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಋತುಬಂಧವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ಪರೀಕ್ಷೆ, ಚಿಕಿತ್ಸೆ

ಸುಸ್ತು, ತೂಕದ ಏರಿಕೆ ಮತ್ತು ಮುಟ್ಟಿನ ಏರುಪೇರು ಥೈರಾಯ್ಡ್ ತೊಂದರೆಯಿಂದಲೂ ಬರುತ್ತವೆ. ಆದ್ದರಿಂದ ತಾವಾಗಿಯೇ ಕಾಯಿಲೆಯನ್ನು ನಿರ್ಧರಿಸುವುದು ಸರಿಯಲ್ಲ. ಮೂಳೆಯ ಸಾಂದ್ರತೆಯನ್ನು ಡೆಕ್ಸಾ ಸ್ಕ್ಯಾನ್‌ನಿಂದ ತಿಳಿಯಬಹುದು.

ತೊಂದರೆ ತೀವ್ರವಾಗಿದ್ದರೆ ವೈದ್ಯರು ಹಾರ್ಮೋನು ಚಿಕಿತ್ಸೆ ಸೂಚಿಸಬಹುದು. 60 ವರ್ಷದೊಳಗೆ ಅಥವಾ ಋತುಬಂಧವಾಗಿ 10 ವರ್ಷದೊಳಗೆ ಆರಂಭಿಸಿದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನ ಹೆಚ್ಚು. ಸ್ತನ ಕ್ಯಾನ್ಸರ್ ಬಂದಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಾಮಾನ್ಯವಾಗಿ ಸೂಕ್ತವಲ್ಲ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗಬಾರದು.

ಮನೆಯಲ್ಲಿ ಮಾಡಬಹುದಾದದ್ದು

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು ಮತ್ತು ಬೇಳೆಕಾಳುಗಳೂ ಊಟದಲ್ಲಿರಲಿ. ಬಿಸಿಲಿಗೆ ಮೈಯೊಡ್ಡುವುದು, ದಿನವೂ ಬಿರುಸಾಗಿ ನಡೆಯುವುದು, ಮೆಟ್ಟಿಲು ಹತ್ತುವುದು ಮೂಳೆಗೆ ಒಳ್ಳೆಯದು. ಆಹಾರ ಹಾರ್ಮೋನಿಗೆ ಬದಲಿಯಲ್ಲ, ಆದರೆ ಮೂಳೆಗೆ ಆಸರೆ.

ತಾಯಿ, ಅತ್ತೆ, ಹೆಂಡತಿ "ಯಾಕೋ ಆಗುತ್ತಿಲ್ಲ" ಎಂದಾಗ ವಯಸ್ಸನ್ನು ದೂರಿ ಮಾತು ಮುಗಿಸಬೇಡಿ. ಒಮ್ಮೆ ಜೊತೆಗೆ ಕೂತು ಕೇಳಿ, ವೈದ್ಯರ ಬಳಿ ಕರೆದೊಯ್ಯಿರಿ. ಋತುಬಂಧ ಸಹಜ. ಅದರ ನೋವನ್ನು ಒಬ್ಬಳೇ ನುಂಗಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ.