ಮೂಗಿನ ದಾರಿ, ಬಾಯಿಯ ದಾರಿ: ಆರ್‌ಎನ್‌ಎ ವೈರಾಣುಗಳ ಪರಿಚಯ

ಮಳೆಗಾಲ ತೊಡಗಿತೆಂದರೆ ಮನೆಮನೆಯಲ್ಲಿಯೂ ನೆಗಡಿ, ಕೆಮ್ಮು, ಜ್ವರ ಕಾಣಿಸಿಕೊಳ್ಳುತ್ತವೆ. ಚಳಿಗಾಲದ ತಿಂಗಳುಗಳಲ್ಲಿ ಎಳೆಯ ಕೂಸುಗಳಿಗೆ ವಾಂತಿ-ಭೇದಿ ತಗಲುವುದುಂಟು. ಒಂದು ಮೂಗು-ಗಂಟಲಿನ ಬೇನೆ, ಮತ್ತೊಂದು ಹೊಟ್ಟೆಯ ಬೇನೆ. ಇವೆರಡಕ್ಕೂ ಸಂಬಂಧವಿಲ್ಲವೆಂದೇ ನಾವು ಭಾವಿಸಿರುತ್ತೇವೆ. ಆದರೂ ಔಷಧದ ಅಂಗಡಿಗೆ ಹೋಗಿ ಎರಡಕ್ಕೂ ಆಂಟಿಬಯೋಟಿಕ್ ಮಾತ್ರೆಯನ್ನೇ ಕೇಳಿ ತರುವ ರೂಢಿ ಹಲವರಲ್ಲಿದೆ. ನೆಗಡಿಗಳಲ್ಲಿ ಬಹುಪಾಲಿಗೂ, ಚಿಕ್ಕ ಮಕ್ಕಳ ಭೇದಿಯಲ್ಲಿ ದೊಡ್ಡದೊಂದು ಪಾಲಿಗೂ ಕಾರಣವಾಗಿರುವುದು ಆರ್‌ಎನ್‌ಎ ವೈರಾಣುಗಳು. ಇವುಗಳ ಮೇಲೆ ಆ ಮಾತ್ರೆಗಳ ಪ್ರಭಾವ ಏನೇನೂ ಇಲ್ಲ. ಈ ವೈರಾಣುಗಳು ದೇಹವನ್ನು ಯಾವ ದಾರಿಯಿಂದ ಹೊಗುತ್ತವೆ, ಯಾವುದಕ್ಕೆ ಅಳುಕುತ್ತವೆ ಎಂಬುದನ್ನು ಅರಿತರೆ ರಕ್ಷಣೆಯ ಬಹುಭಾಗ ನಮ್ಮ ಕೈಯಲ್ಲಿಯೇ ಇದೆ.

ವೈರಾಣುವಿನ ಸ್ವರೂಪ

ಬ್ಯಾಕ್ಟೀರಿಯಾ ಒಂದು ಸಂಪೂರ್ಣ ಜೀವಕೋಶ. ಅದಕ್ಕೆ ತನ್ನದೇ ಆದ ಗೋಡೆಯಿದೆ, ಪ್ರೋಟೀನು ತಯಾರಿಸುವ ತನ್ನದೇ ವ್ಯವಸ್ಥೆಯಿದೆ. ಆಂಟಿಬಯೋಟಿಕ್ ಔಷಧಗಳು ಈ ಗೋಡೆಯನ್ನು ಒಡೆಯುತ್ತವೆ ಅಥವಾ ಆ ವ್ಯವಸ್ಥೆಯನ್ನು ಸ್ಥಗಿತಗೊಳಿಸುತ್ತವೆ. ವೈರಾಣುವಿಗಾದರೋ ಇವೆರಡೂ ಇಲ್ಲ. ಅದು ಪ್ರೋಟೀನಿನ ಚಿಪ್ಪಿನೊಳಗೆ ಅಡಗಿದ ಒಂದಿಷ್ಟು ಆನುವಂಶಿಕ ಬರಹ ಮಾತ್ರ. ನಮ್ಮ ಜೀವಕೋಶವನ್ನು ಹೊಕ್ಕು, ಅಲ್ಲಿನ ಸಲಕರಣೆಗಳನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆದ್ದರಿಂದಲೇ ಬ್ಯಾಕ್ಟೀರಿಯಾ ಕೊಲ್ಲುವ ಔಷಧಕ್ಕೆ ಇಲ್ಲಿ ಗುರಿಯೇ ಸಿಗುವುದಿಲ್ಲ.

ಮನುಷ್ಯನ ಆನುವಂಶಿಕ ಬರಹ ಡಿಎನ್‌ಎ ರೂಪದಲ್ಲಿದೆ. ನಾವು ಇಲ್ಲಿ ಚರ್ಚಿಸುತ್ತಿರುವ ವೈರಾಣುಗಳಲ್ಲಿ ಅದು ಆರ್‌ಎನ್‌ಎ ರೂಪದಲ್ಲಿರುತ್ತದೆ. ಡಿಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ಜೀವಕೋಶ ತಿದ್ದಿಕೊಳ್ಳುತ್ತದೆ. ಆರ್‌ಎನ್‌ಎ ವೈರಾಣುಗಳಲ್ಲಿ ಹೆಚ್ಚಿನವಕ್ಕೆ ಈ ತಿದ್ದುವ ಸಾಮರ್ಥ್ಯವಿಲ್ಲ. ಕೊರೋನಾ ವೈರಾಣುಗಳಿಗೆ ಒಂದು ಮಟ್ಟಿಗೆ ಉಂಟು. ತಪ್ಪುಗಳು ಉಳಿದುಕೊಳ್ಳುವುದರಿಂದ ಅವು ಬಹುಬೇಗ ರೂಪ ಬದಲಿಸುತ್ತವೆ. ಫ್ಲೂ ಲಸಿಕೆಯ ಘಟಕಗಳನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಗಿರುವುದು ಈ ಕಾರಣದಿಂದ. ನೆಗಡಿ ತರುವ ರೈನೋವೈರಸ್‌ನಲ್ಲಿಯಂತೂ 150ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದರ ವಿರುದ್ಧ ಗಳಿಸಿದ ಪ್ರತಿರೋಧ ಇನ್ನೊಂದಕ್ಕೆ ಸಾಲದಾದ್ದರಿಂದ ನೆಗಡಿ ಜೀವಮಾನವಿಡೀ ಮರುಕಳಿಸುತ್ತಲೇ ಇರುತ್ತದೆ.

ಕೊಬ್ಬಿನ ಹೊದಿಕೆ ಇರುವವು, ಇಲ್ಲದವು

ಕೆಲವು ವೈರಾಣುಗಳಿಗೆ ಪ್ರೋಟೀನಿನ ಚಿಪ್ಪಿನ ಹೊರಗೆ ತೆಳುವಾದ ಕೊಬ್ಬಿನ ಹೊದಿಕೆಯೊಂದಿದೆ. ಫ್ಲೂ ಜ್ವರದ ಇನ್‌ಫ್ಲುಯೆಂಜಾ, ಕೊರೋನಾ, ಹಸುಳೆಗಳ ಶ್ವಾಸನಾಳಗಳನ್ನು ಬಾಧಿಸುವ ಆರ್‌ಎಸ್‌ವಿ ಈ ವರ್ಗದವು. ಜಿಡ್ಡಿನ ಪಾತ್ರೆಯನ್ನು ಸಾಬೂನು ಸ್ವಚ್ಛಗೊಳಿಸುವಂತೆ ಈ ಹೊದಿಕೆಯನ್ನೂ ಅದು ಕರಗಿಸಿಬಿಡುತ್ತದೆ. ಹೊದಿಕೆ ಹೋದ ಬಳಿಕ ವೈರಾಣು ನಿರುಪಯುಕ್ತ. ನಮ್ಮ ಪಿತ್ತರಸವೂ ಸಾಬೂನಿನಂತೆಯೇ ಕೊಬ್ಬನ್ನು ಒಡೆಯಬಲ್ಲದು. ಆದಕಾರಣ ಇಂತಹ ವೈರಾಣುಗಳಿಗೆ ಕರುಳಿನ ದಾರಿ ದುರ್ಗಮ. ಅವು ಹೆಚ್ಚಾಗಿ ಉಸಿರಿನ ದಾರಿಯನ್ನೇ ಆಶ್ರಯಿಸುತ್ತವೆ.

ಪೋಲಿಯೋ, ರೋಟಾ, ನೋರೋ ವೈರಾಣುಗಳಿಗೆ ಈ ಹೊದಿಕೆಯಿಲ್ಲ. ಕರಗಿಸಲು ಕೊಬ್ಬೇ ಇಲ್ಲದ್ದರಿಂದ ಅವು ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಕರುಳನ್ನು ಸೇರುತ್ತವೆ. ಮಲದೊಡನೆ ಹೊರಬಿದ್ದು ನೀರಿನಲ್ಲಿಯೂ ನೆಲದ ಮೇಲೂ ದಿನಗಟ್ಟಲೆ ಉಳಿಯುತ್ತವೆ. ರೈನೋವೈರಸ್‌ಗೂ ಹೊದಿಕೆಯಿಲ್ಲ, ಅದು ಪೋಲಿಯೋ ವೈರಾಣುವಿನ ಸಮೀಪದ ಬಂಧುವೇ ಹೌದು. ಆದರೆ ಅದರ ಚಿಪ್ಪು ಆಮ್ಲಕ್ಕೆ ಒಡೆಯುತ್ತದೆ. ಆದ್ದರಿಂದ ಅದು ಹೊಟ್ಟೆಯನ್ನು ದಾಟಲಾರದೆ, ದೇಹದ ಉಳಿದ ಭಾಗಕ್ಕಿಂತ ತುಸು ತಂಪಾದ ಮೂಗಿನಲ್ಲಿಯೇ ಬೆಳೆಯುತ್ತದೆ.

ಉಸಿರಿನ ದಾರಿಯಲ್ಲಿ ಬರುವವು

ನೆಗಡಿಯು ವಾರದೊಳಗೆ ತಾನಾಗಿ ಇಳಿಯುತ್ತದೆ. ಫ್ಲೂ ಹಾಗಲ್ಲ. ಇದರ ಆನುವಂಶಿಕ ಬರಹ 8 ತುಂಡುಗಳಾಗಿದೆ. ಹಕ್ಕಿಯ ಅಥವಾ ಹಂದಿಯ ಫ್ಲೂ ವೈರಾಣುವೂ ಮನುಷ್ಯನ ಫ್ಲೂ ವೈರಾಣುವೂ ಒಂದೇ ಜೀವಕೋಶವನ್ನು ಹೊಕ್ಕರೆ ಈ ತುಂಡುಗಳು ಕಲಸಿಹೋಗಿ ಯಾರಿಗೂ ಪ್ರತಿರೋಧವಿಲ್ಲದ ಹೊಸ ವೈರಾಣು ಹುಟ್ಟಬಹುದು. 2009ರಲ್ಲಿ ಜಗತ್ತನ್ನು ವ್ಯಾಪಿಸಿದ ಎಚ್1ಎನ್1 ಹುಟ್ಟಿದ್ದು ಇಂತಹ ಬೆರಕೆಯಿಂದ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕಿ ಜನ ಮಡಿದರು. ವೃದ್ಧರು, ಗರ್ಭಿಣಿಯರು, ಮಧುಮೇಹ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆದು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಹಿತ.

ಆರ್‌ಎಸ್‌ವಿ ದೊಡ್ಡವರಲ್ಲಿ ಸಾಮಾನ್ಯ ನೆಗಡಿಯಂತೆ ಬಂದು ಹೋಗುತ್ತದೆ. ವರ್ಷ ತುಂಬದ ಕೂಸಿನ ಕಿರಿದಾದ ಶ್ವಾಸನಾಳಗಳಲ್ಲಿ ಅದೇ ವೈರಾಣು ಊತವನ್ನುಂಟುಮಾಡಿ ಉಸಿರನ್ನೇ ಕಟ್ಟಿಸಬಲ್ಲದು. ನೆಗಡಿಯಾಗಿರುವವರು ಹಸುಳೆಯನ್ನು ಎತ್ತಿಕೊಂಡು ಮುದ್ದಿಸಬಾರದೆಂದು ಹೇಳುವುದು ಇದಕ್ಕಾಗಿ. ಕೂಸು ವೇಗವಾಗಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಗಳು ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಾಯಿಯ ದಾರಿಯಲ್ಲಿ ಬರುವವು

ರೋಟಾವೈರಸ್ ಅನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನಲ್ಲಿ ಗುರುತಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಾಲಿಯಂತೆ ಕಾಣುವುದರಿಂದ, ಲ್ಯಾಟಿನ್ ಭಾಷೆಯಲ್ಲಿ ಗಾಲಿ ಎಂಬರ್ಥದ ಪದದಿಂದ ಇದಕ್ಕೆ ಹೆಸರು ಬಂದಿತು. ಸಣ್ಣ ಕರುಳಿನ ಒಳಗೋಡೆಯಲ್ಲಿ ನೀರನ್ನೂ ಆಹಾರಸಾರವನ್ನೂ ಹೀರುವ ಕಿರುಬೆರಳಿನಂತಹ ರಚನೆಗಳಿವೆ. ಅವುಗಳ ಮೇಲ್ಪದರವನ್ನು ಈ ವೈರಾಣು ನಾಶಪಡಿಸುವುದರಿಂದ ಕುಡಿದದ್ದು ಹೀರಲ್ಪಡದೆ ಹೊರಹೋಗುತ್ತದೆ.

ರೋಟಾವೈರಸ್ ವಿರುದ್ಧದ ಲಸಿಕೆಯಲ್ಲಿ ನಮ್ಮ ದೇಶದ ಪಾಲು ಗಣನೀಯ. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಸೋಂಕು ತಗಲಿದ್ದರೂ ಭೇದಿಯ ಲಕ್ಷಣವೇ ಇಲ್ಲದ ನವಜಾತ ಶಿಶುಗಳಲ್ಲಿ ಸೌಮ್ಯವಾದೊಂದು ರೋಟಾವೈರಸ್ ತಳಿ ದೊರೆಯಿತು. ಅದರಿಂದಲೇ ರೋಟಾವ್ಯಾಕ್ ಲಸಿಕೆ ರೂಪುಗೊಂಡಿತು. ಇಂತಹುದೇ ಇನ್ನೊಂದು ತಳಿ ನಮ್ಮ ಬೆಂಗಳೂರಿನ ಶಿಶುಗಳಲ್ಲಿಯೂ ದೊರೆತು, ಲಸಿಕೆಯ ಆರಂಭದ ಪರೀಕ್ಷೆಗಳಲ್ಲಿ ಬಳಕೆಯಾಯಿತು. 2016ರಲ್ಲಿ ರೋಟಾ ಲಸಿಕೆಯು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಕೂಸಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿಯ ಮೂಲಕ ಇದನ್ನು ಉಚಿತವಾಗಿ ನೀಡಲಾಗುತ್ತದೆ.

ಲಸಿಕೆಯಿಂದ ಏನನ್ನು ಸಾಧಿಸಬಹುದೆಂಬುದಕ್ಕೆ ಪೋಲಿಯೋ ಸಾಕ್ಷಿ. ಇದು ಮಲಿನ ಕೈ, ಮಲಿನ ನೀರಿನ ಮೂಲಕ ಕರುಳಿಗೆ ಸೇರುವ ವೈರಾಣು. ಸೋಂಕಿತರಲ್ಲಿ ಬಹುತೇಕರಿಗೆ ಏನೂ ಆಗದಿದ್ದರೂ ಸುಮಾರು 200ರಲ್ಲಿ ಒಬ್ಬರಿಗೆ ಶಾಶ್ವತ ಅಂಗವೈಕಲ್ಯ ಉಂಟಾಗುತ್ತದೆ. ನಮ್ಮ ದೇಶದ ಕೊನೆಯ ವನ್ಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಭಾರತವಿರುವ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತವೆಂದು ಘೋಷಿತವಾಯಿತು. ನೆರೆಯ ದೇಶಗಳಲ್ಲಿ ವೈರಾಣು ಇನ್ನೂ ಉಳಿದಿರುವುದರಿಂದ ಎರಡು ಹನಿಗಳನ್ನು ನಿಲ್ಲಿಸುವಂತಿಲ್ಲ.

ಭೇದಿಯಾದಾಗ ನೀರು ನಿಲ್ಲಿಸಬಾರದು

ಭೇದಿಯಾಗುತ್ತಿರುವ ಮಗುವಿಗೆ ನೀರು, ಹಾಲು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ನಂಬಿಕೆ ಇಂದಿಗೂ ಕೆಲವೆಡೆ ಉಳಿದಿದೆ. ಇದು ಪ್ರಾಣಕ್ಕೆ ಎರವಾಗುವ ತಪ್ಪು. ಇಂತಹ ಮಕ್ಕಳು ಸಾಯುವುದು ಹೆಚ್ಚಾಗಿ ದೇಹದ ನೀರು ಮತ್ತು ಲವಣ ಬತ್ತುವುದರಿಂದ. ಉಪ್ಪು ಮತ್ತು ಗ್ಲೂಕೋಸ್ ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿದ್ದರೆ ಬೇನೆಬಿದ್ದ ಕರುಳು ಕೂಡ ಅವೆರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಓಆರ್‌ಎಸ್ ಎಂಬ ಪುಡಿಯ ಗುಟ್ಟು ಇಷ್ಟೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಅವರು ಈ ದ್ರಾವಣವನ್ನೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಕಾಲರಾ ಬ್ಯಾಕ್ಟೀರಿಯಾದಿಂದ ಬರುವ ರೋಗ. ಆದರೂ ವೈರಾಣು ಭೇದಿಗೂ ಇದೇ ಆಸರೆ.

ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಪುಡಿಯನ್ನು ಪೂರ್ತಿಯಾಗಿ ಕರಗಿಸಿ, ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. 24 ಗಂಟೆಗಳ ಬಳಿಕ ಉಳಿದದ್ದನ್ನು ಚೆಲ್ಲಬೇಕು. ಪೊಟ್ಟಣ ಸಿಗುವವರೆಗೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು, ಉಪ್ಪು ಹೆಚ್ಚಾಗಕೂಡದು. ಅಂಗಡಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಎದೆಹಾಲನ್ನು ನಿಲ್ಲಿಸಬಾರದು. ಆರೋಗ್ಯ ಕಾರ್ಯಕರ್ತೆಯರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಪೂರೈಸಬೇಕು. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ದಾಸೋಹದ ಅಡುಗೆಮನೆಗೊಂದು ಎಚ್ಚರಿಕೆ

ನೋರೋವೈರಸ್ ಎಂಬುದು ಹಲವರು ಕೂಡಿ ಉಣ್ಣುವ ಕಡೆ ವೇಗವಾಗಿ ಹರಡುವ ವೈರಾಣು. 1968ರಲ್ಲಿ ಅಮೆರಿಕದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹಬ್ಬಿದ ವಾಂತಿ-ಭೇದಿಯಿಂದ ಇದಕ್ಕೆ ಹೆಸರು ಬಂದಿದೆ. ಕೆಲವೇ ಕಣಗಳು ದೇಹ ಸೇರಿದರೂ ಕಾಯಿಲೆ ತರಬಲ್ಲವು. ಹೊದಿಕೆಯಿಲ್ಲದ್ದರಿಂದ ಸ್ಯಾನಿಟೈಸರ್‌ಗೆ ಇದು ಸುಲಭವಾಗಿ ಬಗ್ಗುವುದಿಲ್ಲ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದಾಗ ವೈರಾಣು ಸಾಯದಿದ್ದರೂ ಕೈಯಿಂದ ಜಾರಿ ನೀರಿನೊಡನೆ ಹೋಗಿಬಿಡುತ್ತದೆ.

ಜಾತ್ರೆ, ಉತ್ಸವಗಳ ದಾಸೋಹದಲ್ಲಿ ಸೇವೆ ಸಲ್ಲಿಸುವ ಸದ್ಭಕ್ತರು ಇದನ್ನು ಮುಖ್ಯವಾಗಿ ಗಮನಿಸಬೇಕು. ವಾಂತಿ-ಭೇದಿಯಿಂದ ನರಳಿದವರು ಗುಣವಾದ ಮೇಲೂ ಎರಡು ದಿನ ಅಡುಗೆ ಮಾಡುವ, ಬಡಿಸುವ ಕೆಲಸದಿಂದ ದೂರವಿರಬೇಕು. ಹೆಚ್ಚುವ, ಬಡಿಸುವ ಮುನ್ನವೂ, ಶೌಚದ ಬಳಿಕವೂ ಸಾಬೂನಿನಿಂದ ಕೈ ತೊಳೆಯಬೇಕು. ವಾಂತಿಯಾದ ಸ್ಥಳವನ್ನು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಶುಚಿಗೊಳಿಸಬೇಕು. ಪಂಕ್ತಿಗೆ ಕೂರುವವರಿಗಾಗಿ ನೀರಿನ ನಲ್ಲಿಯ ಪಕ್ಕದಲ್ಲಿ ಸಾಬೂನು ಇರುವಂತೆ ನೋಡಿಕೊಳ್ಳಬೇಕು. ಸೇವೆಗೆ ಬರಲೇಬೇಕೆಂಬ ಹಂಬಲದಿಂದ ಅನಾರೋಗ್ಯವನ್ನು ಮುಚ್ಚಿಟ್ಟು ಬಡಿಸಲು ನಿಂತರೆ ಪಂಕ್ತಿಯಲ್ಲಿ ಕುಳಿತ ಕೂಸಿಗೂ ಮುದುಕರಿಗೂ ಆ ಬೇನೆಯನ್ನೇ ಬಡಿಸಿದಂತಾದೀತು. ಅಂತಹ ದಿನ ಮನೆಯಲ್ಲಿ ಉಳಿಯುವುದೂ ಸೇವೆಯೇ.