ಬೆಣಚುಕಲ್ಲೂ ಕೂಲಿಯವನ ಉಸಿರೂ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಮಠಕ್ಕೆ ಸ್ಫಟಿಕಪುರಿ ಮಹಾಸಂಸ್ಥಾನವೆಂದು ಹೆಸರು. ಸ್ಫಟಿಕವಾದರೋ, ಆ ಸೀಮೆಯ ರೈತನು ನೇಗಿಲಿಗೆ ಅಡ್ಡಬಂದಾಗಲೆಲ್ಲ ಶಪಿಸಿ ಬದುವಿಗೆ ಎಸೆಯುವ ಬೆಣಚುಕಲ್ಲಿನ ಕುಲದ್ದೇ. ಹೊಲಕ್ಕೆ ಬೇಡವಾದ ಈ ಬಿಳಿಕಲ್ಲು ಕುಲುಮೆಗೆ ಬೇಕಾದ ವಸ್ತುವಾಗಿರುವುದನ್ನು ವಾಚಕರು ಬಲ್ಲರು.

ಗಾಜಿನಲ್ಲಿ ನೂರಕ್ಕೆ 70 ಪಾಲಿನಷ್ಟು ಇರುವುದು ಸಿಲಿಕವೇ. ಅದರಲ್ಲಿ ಕಬ್ಬಿಣದ ಅಂಶವು ಕಿಂಚಿತ್ತು ಹೆಚ್ಚಿದರೂ ಗಾಜು ಹಸುರಾಗುವುದರಿಂದ ಶುಭ್ರವಾದ ಕಲ್ಲಿಗೂ ಮರಳಿಗೂ ಬೇಡಿಕೆ. ಬೆಣಚುಕಲ್ಲನ್ನು ಇದ್ದಿಲು ಕೋಕುಗಳೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಸಿಲಿಕಾನ್ ದೊರೆಯುವುದು; ಕಬ್ಬಿಣವನ್ನೂ ಕೂಡಿಸಿದರೆ ಫೆರೋಸಿಲಿಕಾನ್. ಉಕ್ಕಿನೊಳಗಣ ಆಮ್ಲಜನಕವನ್ನು ತೆಗೆಯಲು ಇದು ಬೇಕು. ಭದ್ರಾವತಿಯ ಕಾರ್ಖಾನೆಯೂ ಹಿಂದೆ ಇದನ್ನು ತಯಾರಿಸಿದೆ. ನೆಲದ ಕಲ್ಲು ನಾಡಿನಲ್ಲಿಯೇ ಪಕ್ವವಾಗಿ ಹೊರಡಬೇಕೆಂಬ ಮತದವರಾದ ನಾವು ಇಂಥ ಉದ್ಯಮವನ್ನು ಬೇಡವೆನ್ನುವವರಲ್ಲ.

ನಮ್ಮ ಆಕ್ಷೇಪವು ಧೂಳಿನ ವಿಷಯದಲ್ಲಿ. ಕಲ್ಲನ್ನು ಕೊರೆದು ಒಡೆದು ಜರಡಿಯಾಡುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದುದೇ ಘಾತುಕ. ಅದು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಂತು, ಮೃದುವಾದ ಮಾಂಸವನ್ನು ಗಂಟುಗಂಟಾಗಿ ಬಿಗಿಸುತ್ತದೆ; ಕ್ಷಯಕ್ಕೂ ಹಾದಿ ಮಾಡಿಕೊಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದುದು 1934ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಗಳಲ್ಲಿ. ಸ್ವಾತಂತ್ರ್ಯಕ್ಕೆ ಮುಂಚೆಯೇ ಮೈಸೂರು ಸಂಸ್ಥಾನವು ಇದಕ್ಕೆ ಪರಿಹಾರದ ನಿಯಮ ಮಾಡಿತು. ಕೋಲಾರದ ಗಣಿಗಳೇ 2001ರಲ್ಲಿ ಮುಚ್ಚಿದವು. ಅಲ್ಲಿಂದ ಕಲಿಯಬೇಕಾದ ಪಾಠ ಮಾತ್ರ ಬಯಲುಗಣಿಯವರೆಗೆ ಬಂದಂತಿಲ್ಲ. ತೆರೆದ ಬಯಲಿನಲ್ಲಿ ಗಾಳಿಯಿದೆಯಲ್ಲವೇ ಎಂದು ಕೇಳುವವರು ಒಂದು ದಿನ ಕಲ್ಲು ಪುಡಿಮಾಡುವ ಯಂತ್ರದ ಪಕ್ಕದಲ್ಲಿ ನಿಂತು ನೋಡಲಿ! ಕೊರೆಯುವಲ್ಲಿ ನೀರು ಹಾಯಿಸಿ, ಯಂತ್ರಕ್ಕೆ ಮುಚ್ಚುಗೆ ಹಾಕಿದರೆ ಧೂಳು ಬಹುಮಟ್ಟಿಗೆ ಅಡಗುವುದು. ಮುಖಕ್ಕೆ ಸುತ್ತಿದ ಟವಲಿನಿಂದ ಅಡಗದು.

ಬೆಣಚುಕಲ್ಲನ್ನು 2015ರಲ್ಲಿ ಉಪಖನಿಜಗಳ ಪಟ್ಟಿಗೆ ಸೇರಿಸಿದ ಕೇಂದ್ರ ಸರಕಾರದವರು 2025ರ ಫೆಬ್ರವರಿಯಲ್ಲಿ ಪುನಃ ಪ್ರಧಾನ ಖನಿಜವೆಂದು ಸಾರಿದರು. ಪ್ರಧಾನ ಖನಿಜದ ಗಣಿಗೆ, ಮುಚ್ಚುವ ಯೋಜನೆಯೂ ಅದಕ್ಕೆ ಹಣದ ಭದ್ರತೆಯೂ ಇರಬೇಕೆಂಬುದು 2017ರ ನಿಯಮ. ತೋಡಿಬಿಟ್ಟ ಹೊಂಡದಲ್ಲಿ ದನಕರುಗಳೂ ಮಕ್ಕಳೂ ಬೀಳದಿರಲು ಈ ನಿಯಮವು ಕಾಗದದಿಂದಿಳಿದು ಸ್ಥಳಕ್ಕೆ ಬರಬೇಕು.

ಅದಕ್ಕಿಂತಲೂ ಮುಖ್ಯವಾದುದು ಹಾಜರಿಪುಸ್ತಕ. ರೋಗವು ತಲೆದೋರುವುದು ಎಷ್ಟೋ ವೇಳೆ ಹತ್ತಾರು ವರ್ಷಗಳ ಮೇಲೆ. ಅಷ್ಟರಲ್ಲಿ ಗುತ್ತಿಗೆದಾರನು ಬದಲಾಗಿರುತ್ತಾನೆ, ಕೂಲಿಯವನು ಊರು ಬಿಟ್ಟಿರುತ್ತಾನೆ. ತಾನು ಆ ಗಣಿಯಲ್ಲಿ ದುಡಿದೆನೆಂಬುದಕ್ಕೆ ಆಧಾರವಿಲ್ಲದವನು ಪರಿಹಾರವನ್ನು ಯಾರಲ್ಲಿ ಕೇಳಬೇಕು? ಜಿಲ್ಲಾಧಿಕಾರಿಗಳೂ ಕಾರ್ಮಿಕ ಇಲಾಖೆಯವರೂ ಗಣಿಗಳಿಗೆ ಹೋದಾಗ ಮೊದಲು ಆ ಪುಸ್ತಕವನ್ನು ತರಿಸಿ, ಅಲ್ಲಿ ಕಲ್ಲು ಒಡೆಯುತ್ತಿರುವವರ ತಲೆಗಳನ್ನು ಎಣಿಸಿ ತಾಳೆ ನೋಡಬೇಕೆಂದು ಪ್ರಾರ್ಥಿಸುತ್ತೇವೆ.